ಮಂಚದ ಪಕ್ಕದ ತರಗತಿ

ತಮಿಳುನಾಡಿನ ಪಾಲಕೋಡ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಓದಿದೆ. ಸುತ್ತಲಿನ ಹಳ್ಳಿಗಳಲ್ಲಿ ನಮ್ಮಂಥ ಕನ್ನಡ ಮಾತಿನ ಒಕ್ಕಲು ಮನೆಗಳೇ ಹೆಚ್ಚು. ಆದರೆ ಶಾಲೆಯ ಗೇಟು ದಾಟಿದರೆ ಎಲ್ಲವೂ ತಮಿಳು. ಮನೆಯಲ್ಲಿ ಆಡುವ ಮಾತಿಗೆ ಅಕ್ಷರವಿದೆ ಎಂಬುದೇ ನಮಗೆ ಆಗ ಅಷ್ಟಾಗಿ ಗೊತ್ತಿರಲಿಲ್ಲ. ಕನ್ನಡ ಬರೆಯುವುದನ್ನು ನಾನು ಕಲಿತದ್ದು ಕಾಲೇಜು ಮುಗಿದ ಮೇಲೆ, ನನ್ನಷ್ಟಕ್ಕೆ.

ನಮ್ಮ ಮುಖ್ಯೋಪಾಧ್ಯಾಯಿನಿ ಸೇಲಂ ಕಡೆಯವರು. ಎತ್ತರದ ಆಳು, ಗಂಜಿ ಹಾಕಿದ ಹತ್ತಿ ಸೀರೆ, ಗಂಡಸರು ಕಟ್ಟುವಂಥ ದೊಡ್ಡ ಕೈಗಡಿಯಾರ. ನಾವೆಲ್ಲ ಅವರನ್ನು ದೊಡ್ಡ ಟೀಚರ್ ಎನ್ನುತ್ತಿದ್ದೆವು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದವರೇ ಗೇಟಿನ ಪಕ್ಕದ ಕರಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದೇ ಒಂದು ಪದ ಬರೆಯುತ್ತಿದ್ದರು. ಒಂದು ವಾರ ನೇರ್ಮೈ, ಅಂದರೆ ಪ್ರಾಮಾಣಿಕತೆ. ಇನ್ನೊಂದು ವಾರ ತುಣಿವು, ಅಂದರೆ ಧೈರ್ಯ. ಮತ್ತೊಂದು ವಾರ ಅಕ್ಕರೈ, ಇನ್ನೊಬ್ಬರ ಮೇಲಿನ ಕಾಳಜಿ. ಈ ಶಾಲೆಯಿಂದ ಹೊರಗೆ ಹೋಗುವ ಮಗುವಿನಲ್ಲಿ ಇಂಥ ಗುಣಗಳು ಇರಬೇಕು, ಮಾರ್ಕು ಆಮೇಲಿನ ಮಾತು ಎಂದು ಅವರು ಪ್ರಾರ್ಥನೆಯ ಹೊತ್ತಿಗೆ ಹೇಳುತ್ತಿದ್ದರು. ಅವರಾಡುತ್ತಿದ್ದುದು ತಮಿಳು. ನೆನಪಿನಲ್ಲಿ ಅದೆಲ್ಲ ಹೇಗೋ ಕನ್ನಡವಾಗಿಬಿಟ್ಟಿದೆ.

ಶುಕ್ರವಾರ ಅದರ ಎರಡನೇ ಭಾಗ. ವಾರವೆಲ್ಲ ತಾವು ಕಂಡದ್ದರಲ್ಲಿ ಒಂದನ್ನು ಹೇಳುತ್ತಿದ್ದರು. "ಬುಧವಾರ ಒಂದು ಮಗು, ಬೇರೆ ಯಾರೋ ಬಿಟ್ಟುಹೋದ ನಲ್ಲಿಯನ್ನು ತಿರುಗಿ ಬಂದು ನಿಲ್ಲಿಸಿತು." ಅಷ್ಟೇ. ಹೆಸರು ಹೇಳುತ್ತಿರಲಿಲ್ಲ, ಚಪ್ಪಾಳೆ ಹೊಡೆಸುತ್ತಿರಲಿಲ್ಲ. ಸಾಲಿನಲ್ಲಿ ಎಲ್ಲೋ ಒಂದು ಮಗುವಿನ ಕಿವಿ ಮಾತ್ರ ಕೆಂಪಾಗುತ್ತಿತ್ತು.

ನಾವು ಅದನ್ನೆಲ್ಲ ಭಕ್ತಿಯಿಂದ ಕೇಳುತ್ತಿದ್ದೆವು ಎಂದರೆ ಸುಳ್ಳಾಗುತ್ತದೆ. ಒಂದು ಸೋಮವಾರ ಹಲಗೆಯ ಮೇಲೆ ಪೊರುಮೈ ಎಂದಿತ್ತು, ತಾಳ್ಮೆ. ಅದನ್ನು ಗಟ್ಟಿಯಾಗಿ ಓದುವ ಸರದಿ ನಮ್ಮ ತರಗತಿಯ ಒಬ್ಬ ದೊಡ್ಡ ಹುಡುಗನದು. ಕೊನೆಯ ಬೆಂಚಿನವನು, ಓದಿನಲ್ಲಿ ಹಿಂದೆ, ಆಗಲೇ ಮೀಸೆ ಚಿಗುರಿತ್ತು. ಅವನು ಎದೆಯುಬ್ಬಿಸಿ ನಿಂತು ಪೊರಾಮೈ ಎಂದು ಓದಿಬಿಟ್ಟ. ಒಂದು ಅಕ್ಷರ ತಪ್ಪಿದ್ದಕ್ಕೆ ತಾಳ್ಮೆ ಹೋಗಿ ಹೊಟ್ಟೆಕಿಚ್ಚು ಆಯಿತು. ಇಡೀ ಶಾಲೆ ನಕ್ಕಿತು. ದೊಡ್ಡ ಟೀಚರ್ ನಗದೆ, "ಅದು ನಿಮ್ಮ ಹತ್ತಿರ ಬೇಕಾದಷ್ಟು ಇದೆ, ಅದಕ್ಕೊಂದು ವಾರ ಬೇಡ" ಎಂದರು. ಆಮೇಲೆ ತಾವೂ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಪಕ್ಕದಲ್ಲಿ ನಿಂತಿದ್ದ ನನ್ನ ಗೆಳತಿ.

ಅವಳ ಮನೆ ಮತ್ತು ನಮ್ಮ ಮನೆಯ ನಡುವೆ ಒಂದು ಟೊಮ್ಯಾಟೊ ಹೊಲ ಮಾತ್ರ. ಒಂದನೇ ತರಗತಿಯಿಂದ ಒಟ್ಟಿಗೇ ಶಾಲೆಗೆ ನಡೆದವರು. ಅವಳು ಸಣ್ಣ ಆಳು, ಬಾಯಿ ಮಾತ್ರ ದೊಡ್ಡದು. ಏನು ಹೇಳಿದರೂ ಮೊದಲು ಯಾಕೆ ಎನ್ನುವಳು. ಬಸ್ಸಿನ ಕಂಡಕ್ಟರನ್ನೂ ಬಿಡುತ್ತಿರಲಿಲ್ಲ, ಗುಡಿಯ ಪೂಜಾರಿಯನ್ನೂ ಬಿಡುತ್ತಿರಲಿಲ್ಲ.

ನಾವು ಹತ್ತನೇ ತರಗತಿಗೆ ಬಂದ ಹೊಸತರಲ್ಲಿ ಅದು ಆಯಿತು. ಬೆಳಗಿನ ಜಾವ ಅವಳ ಅಪ್ಪ ಟೊಮ್ಯಾಟೊ ಕ್ರೇಟುಗಳನ್ನು ಮಿನಿ ಲಾರಿಗೆ ತುಂಬಿಸಿ ಪಾಲಕೋಡ್ ಮಾರ್ಕೆಟ್ಟಿಗೆ ಹೊರಟಿದ್ದರು. ಇವಳು ಸಹಾಯಕ್ಕೆಂದು ಮೇಲೆ ಹತ್ತಿದ್ದವಳು, ಗಾಡಿ ಮಣ್ಣುದಾರಿಯ ಹಳ್ಳಕ್ಕೆ ಇಳಿದಾಗ ಕ್ರೇಟುಗಳ ಜೊತೆ ಕೆಳಗೆ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಮೊದಲು ಯಾರೋ ನಾಟಿ ಕಟ್ಟು ಕಟ್ಟುವವರ ಹತ್ತಿರ ಕರೆದುಕೊಂಡು ಹೋದರು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ಧರ್ಮಪುರಿಯ ಆಸ್ಪತ್ರೆಯಲ್ಲಿ ಮತ್ತೆ ಬಿಡಿಸಿ, ಒಳಗೆ ಕಂಬಿ ಹಾಕಿ ಕಳಿಸಿದರು. ಮನೆಗೆ ಬಂದವಳನ್ನು ನಡುಮನೆಯ ಹಲಗೆ ಮಂಚದ ಮೇಲೆ ಮಲಗಿಸಿದರು. ತಿಂಗಳುಗಟ್ಟಲೆ ಏಳಬಾರದು ಎಂದು ಡಾಕ್ಟರು ಹೇಳಿದ್ದರಂತೆ.

ನಾನು ನೋಡಲು ಹೋದಾಗ ಅವಳ ಅಪ್ಪ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು, ನಾನು ಕೇಳದೆಯೇ ಹೇಳಿದರು: "ಈ ವರ್ಸ ಓದಿದ್ದು ಸಾಕಮ್ಮ. ಮುಂದಿನ್ ವರ್ಸ ನೋಡ್ಕಳಾನ. ಕಾಲು ಸರಿಯಾದ್ರೆ ಸಾಕು ನಮ್ಗೆ."

ಅವರು ಕೆಟ್ಟ ಮನುಷ್ಯರಲ್ಲ, ಮಗಳನ್ನು ಬೀಳಿಸಿದೆನಲ್ಲ ಎಂದು ಕುಗ್ಗಿಹೋಗಿದ್ದರು. ಆದರೆ ಮುಂದಿನ ವರ್ಷ ಎಂಬ ಮಾತಿನ ಅರ್ಥ ನಮ್ಮೂರಿನ ಹುಡುಗಿಯರಿಗೆಲ್ಲ ಗೊತ್ತಿತ್ತು. ಒಂದು ವರ್ಷ ನಿಂತವರು ಮತ್ತೆ ಶಾಲೆಗೆ ಬಂದದ್ದನ್ನು ನಾವು ಕಂಡಿರಲಿಲ್ಲ.

ನಾನು ಅದನ್ನು ಮಾರನೆಯ ದಿನ ದೊಡ್ಡ ಟೀಚರಿಗೆ ಹೇಳಿದೆ. ಅವರು ಸಂಜೆ ಬೆಲ್ ಆದ ಮೇಲೆ ಛತ್ರಿ ತೆಗೆದುಕೊಂಡು, "ನಡಿ, ದಾರಿ ತೋರಿಸು" ಎಂದರು. ಹೊಲದ ಬದುವಿನ ಮೇಲೆ ಅವರು ಚಪ್ಪಲಿ ಕೈಲಿ ಹಿಡಿದು ನಡೆದದ್ದು, ಹಿಂದೆ ಹಿಂದೆ ನಾನು ಓಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮನೆಯವರು ಕುರ್ಚಿ ತಂದರು. ಅವರು ಕುರ್ಚಿ ಬಿಟ್ಟು ಮಂಚದ ಅಂಚಿನಲ್ಲಿ ಕೂತರು. ಗೆಳತಿಯ ಹಣೆ ಮುಟ್ಟಿ, "ತಲೆಗೇನೂ ಪೆಟ್ಟಾಗಿಲ್ಲ ತಾನೆ?" ಎಂದು ಕೇಳಿದರು.

"ಇಲ್ಲ ಟೀಚರ್."

"ಮತ್ತೆ ಓದೋದಕ್ಕೇನು? ಕಾಲಲ್ಲಿ ಓದ್ತೀಯಾ ನೀನು?"

ಅವಳು ಬಿದ್ದ ಮೇಲೆ ಮೊದಲ ಸಲ ನಕ್ಕಳು. ಅಪ್ಪನ ಜೊತೆ ಟೀಚರ್ ಜಗಲಿಯಲ್ಲಿ ಬಹಳ ಹೊತ್ತು ಮಾತಾಡಿದರು. ಆ ಮಾತು ನನಗೆ ಕೇಳಿಸಲಿಲ್ಲ. ಆದರೆ ಮಾರನೆಯ ದಿನ ನಮ್ಮ ತರಗತಿಗೆ ಬಂದು, ಇನ್ನು ಮೇಲೆ ದಿನಾ ಸಂಜೆ ಇಬ್ಬರು ಅವಳ ಮನೆಗೆ ಹೋಗಿ ಅವತ್ತಿನ ಪಾಠ ಹೇಳಬೇಕು ಎಂದರು. ನನ್ನ ಮನೆ ಪಕ್ಕದಲ್ಲೇ ಇದ್ದುದರಿಂದ ನಾನು ದಿನಾ, ನನ್ನ ಜೊತೆಗೆ ಸರದಿಯ ಮೇಲೆ ಇನ್ನೊಬ್ಬರು. ಅವಳ ಮನೆಯ ದಾರಿಯಲ್ಲದವರು ಮುಖ ಸಿಂಡರಿಸಿದರು. ದೊಡ್ಡ ಹುಡುಗ ಹಿಂದಿನಿಂದ, "ನನ್ಗೇ ಬರಾಕಿಲ್ಲ, ಅವ್ಳಿಗೇನ್ ಯೋಳ್ಲಿ?" ಎಂದು ಗೊಣಗಿದ. ಟೀಚರ್ ಅವನತ್ತ ನೋಡಿ, "ಗೊತ್ತಿದ್ದಷ್ಟು ಹೇಳು" ಎಂದರು.

ಮೊದಲ ಸಂಜೆ ನಾನು ಬಹಳ ಹುರುಪಿನಿಂದ ಹೋದೆ. ಎಲೆಗಳು ಬಿಸಿಲಿನಿಂದ ಆಹಾರ ತಯಾರಿಸುವ ಪಾಠ. ನೋಟ್ಸನ್ನು ತಮಿಳಿನಲ್ಲೇ ಗಡಗಡ ಓದಿದೆ. ಅವಳು ಚಾವಣಿ ನೋಡುತ್ತ ಕೇಳುತ್ತಿದ್ದವಳು, "ತಡಿ ತಡಿ. ರಾತ್ರಿ ಏನ್ ಮಾಡ್ತದೆ ಎಲೆ?" ಎಂದಳು.

"ಸಾರ್ ಯೋಳ್ಲಿಲ್ಲ."

"ನೀನು ಕೇಳ್ಲಿಲ್ವಾ?"

ಮೂಲೆಯಲ್ಲಿ ಅವಳ ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವರಿಗೆ ತಮಿಳು ಬರುತ್ತಿದ್ದುದು ಸಂತೆಯ ವ್ಯವಹಾರಕ್ಕೆ ಬೇಕಾದಷ್ಟೇ. "ಅದೇನಂತ ನಮ್ ಮಾತ್ನಾಗೆ ಯೋಳ್ರವ್ವ, ನಾನೂ ಕೇಳ್ತೀನಿ" ಎಂದರು. ನಾನು ತಡವರಿಸುತ್ತ, ಎಲೆಯೊಳಗೆ ಅಡಿಗೆ ಆಗುತ್ತದೆ ಎಂದೆ. ಅಜ್ಜಿ ಕೈ ನಿಲ್ಲಿಸಿದರು.

"ಎಲೆ ಅಡ್ಗೆ ಮಾಡ್ತದಾ? ಒಲೆ ಎಲ್ಲೈತೆ?"

ನಾನು ನೋಟ್ಸಿನ ಹಾಳೆ ತಿರುವಿದೆ. ಮಂಚದಿಂದ ಗೆಳತಿ ಹೇಳಿದಳು: "ಬಿಸ್ಲೇ ಒಲೆ ಕಣಜ್ಜಿ."

ಆ ಪಾಠ ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ. ಅಲ್ಲಿಯವರೆಗೆ ನಾನು ಅದನ್ನು ಬಾಯಿಪಾಠ ಮಾಡಿದ್ದೆ, ಅಷ್ಟೆ.

ಅವತ್ತಿನಿಂದ ನಮ್ಮ ತರಗತಿಯಲ್ಲಿ ಒಂದು ವಿಚಿತ್ರ ಶುರುವಾಯಿತು. ಸಂಜೆ ಅವಳ ಮುಂದೆ ಕೂರಬೇಕಾದವರು ಬೆಳಿಗ್ಗೆಯಿಂದಲೇ ಮೈಯೆಲ್ಲ ಕಿವಿಯಾಗಿ ಪಾಠ ಕೇಳತೊಡಗಿದರು. ಯಾಕೆಂದರೆ ಅವಳು ಬಿಡುತ್ತಿರಲಿಲ್ಲ. ತಪ್ಪು ಹೇಳಿದರೆ, "ಲೇ, ನೀನು ನಿದ್ದೆ ಮಾಡ್ತಿದ್ದೆ" ಎನ್ನುವಳು. ಒಬ್ಬ ಹುಡುಗಿ ಗೊತ್ತಿಲ್ಲದ್ದಕ್ಕೆ ಏನೋ ಕತೆ ಕಟ್ಟಿ ಹೇಳಿ, ಮೂರು ಪ್ರಶ್ನೆಗೆ ಸಿಕ್ಕಿಬಿದ್ದು ಅತ್ತುಬಿಟ್ಟಳು. ಆಮೇಲೆ ಇಬ್ಬರೂ ಸೇರಿ ಹುರಿದ ಹುಣಸೆಬೀಜ ತಿಂದರು. ಗಣಿತದ ಮೇಷ್ಟರಿಗೆ, ಯಾವತ್ತೂ ಬಾಯಿ ಬಿಡದ ಮಕ್ಕಳು ಯಾಕೆ ಹೀಗೆ ಪ್ರಶ್ನೆ ಕೇಳುತ್ತಿದ್ದಾರೆ ಎಂದು ಮೊದಲು ಅನುಮಾನವೇ ಬಂದಿತ್ತು. ಒಂದು ದಿನ ವಿಜ್ಞಾನದ ಪಾಠದ ನಡುವೆ ಕೊನೆಯ ಬೆಂಚಿನಿಂದ ಕೈ ಮೇಲೆದ್ದಿತು. ದೊಡ್ಡ ಹುಡುಗನ ಕೈ.

"ಸಾರ್, ಒರು ಡೌಟ್."

ವಿಜ್ಞಾನದ ಮೇಷ್ಟರು ಸೀಮೆಸುಣ್ಣ ಕೆಳಗಿಟ್ಟರು. "ನಿನಗಾ? ಡೌಟಾ?"

"ನಂದಲ್ಲ ಸಾರ್. ಅವಳದು. ಇವತ್ತು ಕೇಳ್ತಾಳೆ, ನನಗೆ ಗೊತ್ತು."

ತರಗತಿ ನಕ್ಕಿತು. ಮೇಷ್ಟರು ನಗಲಿಲ್ಲ. ಪಾಠವನ್ನು ಮೊದಲಿನಿಂದ ಹೇಳಿದರು, ಅವನ ಮುಖವನ್ನೇ ನೋಡುತ್ತ.

ಇಷ್ಟಾದರೂ ಶುಕ್ರವಾರಗಳಲ್ಲಿ ದೊಡ್ಡ ಟೀಚರ್ ನಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ನಲ್ಲಿ ನಿಲ್ಲಿಸಿದವರನ್ನು ಹೇಳಿದರು, ನಾಯಿಮರಿಗೆ ಅನ್ನ ಹಾಕಿದವರನ್ನು ಹೇಳಿದರು. ಹತ್ತನೆಯವರು ಸಾಲಿನಲ್ಲಿ ಕತ್ತು ಉದ್ದ ಮಾಡಿ ಕಾದದ್ದೇ ಬಂತು. ಕೊನೆಗೆ ಕಾಯುವುದನ್ನೇ ಮರೆತೆವು.

ಮಳೆಗಾಲ ಬಂತು. ಎಲ್ಲರೂ ಅಂದುಕೊಂಡಿದ್ದಕ್ಕಿಂತ ಅವಳ ಕಾಲು ಕೂಡಿಕೊಳ್ಳುವುದು ನಿಧಾನವಾಗಿತ್ತು. ಡಾಕ್ಟರು ಇನ್ನೂ ಎರಡು ತಿಂಗಳು ಎಂದುಬಿಟ್ಟರು. ಅವತ್ತು ಸಂಜೆ ನಾನು ಒದ್ದೆ ಲಂಗ ಹಿಂಡಿಕೊಂಡು ಒಳಗೆ ಹೋದಾಗ ಅವಳು ಗೋಡೆಯ ಕಡೆ ಮುಖ ಮಾಡಿದ್ದಳು. ಪುಸ್ತಕ ತೆಗೆದೆ. ಅವಳು ಕೈ ಚಾಚಿ ಅದನ್ನು ಕಿತ್ತು ಎಸೆದಳು. ಅಜ್ಜಿಯ ಕಾಲ ಬಳಿ ಹೋಗಿ ಬಿತ್ತು.

"ನೀವೆಲ್ಲ ನಡ್ಕೊಂಡ್ ಬತ್ತೀರಾ, ನಡ್ಕೊಂಡ್ ಓಗ್ತೀರಾ. ನಾನು ಸೂರು ನೋಡ್ಕಂಡು ಬಿದ್ದಿರ್ಬೇಕು. ನಾಳೆಯಿಂದ ಯಾರೂ ಬರ್ಬ್ಯಾಡಿ. ಯಾರೂ!"

ನಾನು ಏನೋ ಹೇಳಲು ಹೋದೆ. "ಓಗು" ಎಂದಳು. ಅವಳು ನನಗೆ ಹಾಗೆ ಅಂದದ್ದು ಅದೊಂದೇ ಸಲ. ಮಳೆಯಲ್ಲಿ ಹೊಲ ದಾಟಿ ಮನೆಗೆ ಬಂದು ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅಮ್ಮ ನನ್ನ ಕೂದಲು ಒರೆಸುತ್ತ, "ನೋವು ಅಂಗೆ ಮಾತಾಡುಸ್ತೈತೆ. ಅವ್ಳಲ್ಲ" ಎಂದರು.

ಮಾರನೆಯ ದಿನ ಸರದಿ ದೊಡ್ಡ ಹುಡುಗನದು. ನಡೆದದ್ದನ್ನು ಅವನಿಗೆ ಹೇಳಿ, ಬರಬೇಡ ಎಂದೆ. ಅವನು ತಲೆ ಕೆರೆದುಕೊಂಡ. "ಟೀಚರ್ ಓಗ್ಬ್ಯಾಡ ಅಂದ್ರಾ?"

"ಇಲ್ಲ. ಅವ್ಳೇ ಅಂದ್ಳು."

"ಅಂಗಾದ್ರೆ ಒಳಿಕ್ ಓಗಾಕಿಲ್ಲ ಬಿಡು" ಎಂದವನು ಸಂಜೆ ನನ್ನ ಜೊತೆ ಬಂದೇ ಬಂದ. ಬಂದು ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಪುಸ್ತಕ ತೆರೆದು, ರಸ್ತೆಗೆಲ್ಲ ಕೇಳುವಂತೆ ಇತಿಹಾಸದ ಪಾಠ ಓದತೊಡಗಿದ. ಅವನ ಓದು ಮೊದಲೇ ಅಷ್ಟಕ್ಕಷ್ಟೆ. ಯುದ್ಧ ಗೆದ್ದವರನ್ನು ಸೋಲಿಸಿದ, ಸತ್ತುಹೋದವರನ್ನು ಮುಂದಿನ ಪುಟದಲ್ಲಿ ಪಟ್ಟಕ್ಕೆ ಏರಿಸಿದ. ಒಂದು ಪದ ಬಿಟ್ಟು ಇನ್ನೊಂದಕ್ಕೆ ಹಾರುತ್ತ, ಸಾಲು ಸಾಲೇ ನುಂಗುತ್ತ, ನಿಲ್ಲಿಸದೆ ಓದಿದ. ನಾನು ಬಾಗಿಲ ಪಕ್ಕ ನಿಂತಿದ್ದೆ. ಅಜ್ಜಿ ಮಾತ್ರ ಇಣುಕಿ ನೋಡಿ ಹೋದರು.

ಮೂರನೆಯ ಪುಟಕ್ಕೆ ಬರುವ ಹೊತ್ತಿಗೆ ಒಳಗಿನಿಂದ ಕೂಗು ಬಂತು. "ಲೇ! ಅದು ಅಂಗಲ್ಲ! ಸರ್ಯಾಗಿ ಓದ್ಲಾ!"

ಅವನು ಕೇಳಿಸದವನಂತೆ ಅದೇ ಸಾಲನ್ನು ಮತ್ತೆ ತಪ್ಪಾಗಿ ಓದಿದ.

"ಅಯ್ಯೋ, ಆ ಪುಸ್ತಕ ಇಲ್ಲಿ ತಾ! ಕಿವಿ ತೂತು ಬೀಳ್ತೈತೆ!"

ಅವನು ಎದ್ದು ಒಳಗೆ ಹೋಗಿ ಪುಸ್ತಕ ಕೊಟ್ಟ. ಅವಳು ಕಣ್ಣು ಒರೆಸಿಕೊಂಡು ಓದತೊಡಗಿದಳು. ಅವನು ಕೆಳಗೆ ಕೂತು ಕೇಳಿದ. ಅಜ್ಜಿ ನನ್ನನ್ನು ಕರೆದು ಕೈಗೆ ಬೆಲ್ಲದ ಕಾಫಿಯ ಲೋಟ ಕೊಟ್ಟರು. ಬೇಕೆಂದೇ ಹಾಗೆ ಓದಿದೆಯಾ ಎಂದು ಅವನನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. "ನನ್ ಓದೇ ಅಂಗೆ" ಎನ್ನುತ್ತಾನೆ. ಇವತ್ತಿಗೂ ಅಷ್ಟೇ ಹೇಳುತ್ತಾನೆ.

ಅರ್ಧವಾರ್ಷಿಕ ಪರೀಕ್ಷೆ ಬಂದಾಗ ದೊಡ್ಡ ಟೀಚರ್ ಪ್ರಶ್ನೆಪತ್ರಿಕೆಯನ್ನು ಚೀಲದಲ್ಲಿಟ್ಟುಕೊಂಡು ಬಂದು, ಅವಳ ಮನೆಯ ಹೊಸ್ತಿಲ ಮೇಲೆ ಕೂತು ಬರೆಸಿದರು. ಅಜ್ಜಿ ಕೊಟ್ಟ ಮಜ್ಜಿಗೆಯನ್ನೂ ಪರೀಕ್ಷೆ ಮುಗಿಯುವವರೆಗೆ ಮುಟ್ಟಲಿಲ್ಲವಂತೆ. ಪೊಂಗಲ್ ಹಬ್ಬ ಕಳೆದು ಶಾಲೆ ತೆರೆದ ದಿನ ಅವಳು ಊರುಗೋಲು ಹಿಡಿದು ಬಂದಳು. ಅವಳ ಅಪ್ಪ ಅದೇ ಮಿನಿ ಲಾರಿಯಲ್ಲಿ, ಈ ಸಲ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ನಡೆಯುವುದಕ್ಕಿಂತ ನಿಧಾನವಾಗಿ ಕರೆತಂದಿದ್ದರು. ನಾವು ಗೇಟಿನಲ್ಲಿ ಕಾದಿದ್ದೆವು. ಅವಳು ಇಳಿದು ನಮ್ಮನ್ನೆಲ್ಲ ಒಂದು ಸಲ ನೋಡಿ, "ಏನ್ಲೇ ಅಂಗ್ ನೋಡ್ತೀರಾ? ಬ್ಯಾಗು ಯಾರ್ ತಗತೀರಾ?" ಎಂದಳು. ಬ್ಯಾಗಿಗೆ ಜಗಳವೇ ಆಯಿತು.

ಪಬ್ಲಿಕ್ ಪರೀಕ್ಷೆಯಲ್ಲಿ ಅವಳು ಪಾಸಾದಳು. ನನಗಿಂತ ಹೆಚ್ಚು ಮಾರ್ಕು. ದೊಡ್ಡ ಹುಡುಗ ಗಣಿತದಲ್ಲಿ ಹೋದ, ಆದರೆ ವಿಜ್ಞಾನದಲ್ಲಿ ಅವನಿಗೆ ಬಂದ ಅಂಕ ನೋಡಿ ಮೇಷ್ಟರು ಎರಡೆರಡು ಸಲ ನಂಬರು ಹೋಲಿಸಿದರು. ಮರುಪರೀಕ್ಷೆಯಲ್ಲಿ ಗಣಿತವನ್ನೂ ದಾಟಿದ. ಈಗ ಅವನಿಗೆ ಪಾಪಿರೆಡ್ಡಿಪಟ್ಟಿಯಲ್ಲಿ ಮೋಟಾರ್ ಪಂಪು ರಿಪೇರಿಯ ಅಂಗಡಿಯಿದೆ. ಗೆಳತಿ ಧರ್ಮಪುರಿಯಲ್ಲಿದ್ದಾಳೆ. ಮಕ್ಕಳ ಶಾಲೆಯ ಪೋಷಕರ ಸಭೆಗೆ ಅವಳು ಹೋದರೆ ಸಭೆ ಹೊತ್ತಿಗೆ ಸರಿಯಾಗಿ ಮುಗಿಯುವುದಿಲ್ಲ ಎಂದು ಅವಳ ಗಂಡ ನಗುತ್ತಾರೆ.

ನಾನು ಟೀಚರಾದೆ. ಸೇರಿಸಲು ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು, ನಿಮ್ಮ ಶಾಲೆಯಲ್ಲಿ ಮಗುವಿಗೆ ಏನು ಬರುತ್ತದೆ ಎಂದು ಕೇಳುತ್ತಾರೆ. ಇಂಗ್ಲಿಷ್ ಬರುತ್ತದೆ, ಶಿಸ್ತು ಬರುತ್ತದೆ ಎಂದು ನಾನೂ ಎಲ್ಲರಂತೆ ಹೇಳುತ್ತೇನೆ. ಹೇಳುವಾಗ ಆ ನಡುಮನೆ ನೆನಪಾಗುತ್ತದೆ. ಹುಣಸೆಹಣ್ಣಿನ ಹುಳಿ ವಾಸನೆ, ಕಿಟಕಿಯಿಂದ ಬೀಳುವ ಸಂಜೆಯ ಬೆಳಕು, ಮಂಚದ ಸುತ್ತ ನಾವು ನಾಲ್ಕೈದು ಜನ. ಸರದಿ ಇಲ್ಲದವರೂ ಬರತೊಡಗಿದ್ದರು, ಕೊನೆಕೊನೆಗೆ. ಯಾರು ಯಾರಿಗೆ ಪಾಠ ಹೇಳುತ್ತಿದ್ದರು ಎಂದು ಹೇಳುವುದೇ ಕಷ್ಟವಾಗಿತ್ತು.

ದೊಡ್ಡ ಟೀಚರಿಗೆ ಆ ಬೇಸಿಗೆ ರಜೆಯಲ್ಲೇ ವರ್ಗವಾಗಿತ್ತು. ನಮಗೆ ಒಂದು ಮಾತು ಹೇಳಲೂ ಆಗಲಿಲ್ಲ. ವರ್ಷಗಳಾದ ಮೇಲೆ ಅವರು ನಿವೃತ್ತರಾಗಿ ಓಮಲೂರಿನಲ್ಲಿದ್ದಾರೆ ಎಂದು ತಿಳಿದು, ಹೋದ ವರ್ಷ ನಾನೂ ಗೆಳತಿಯೂ ಬಸ್ಸು ಹಿಡಿದು ಹೋದೆವು. ಬಾಗಿಲು ತೆಗೆದವರು ಬಹಳ ಸಣ್ಣಗಾಗಿದ್ದರು. ನನ್ನ ಗುರುತು ಹತ್ತಲಿಲ್ಲ. ಗೆಳತಿ ಮೆಟ್ಟಿಲು ಹತ್ತುವಾಗ ಕಾಲು ಸ್ವಲ್ಪ ಎಳೆಯುವುದನ್ನು ನೋಡಿ, "ಓ" ಎಂದು ಅವಳ ಕೈ ಹಿಡಿದುಕೊಂಡರು.

"ಇನ್ನೂ ನೋವಿದೆಯಾ?"

"ಚಳಿಗಾಲದಲ್ಲಿ ಟೀಚರ್. ಮಿಕ್ಕಂತೆ ಇಲ್ಲ."

ಊಟಕ್ಕೆ ಕೂರಿಸಿ ತಾವೇ ಬಡಿಸಿದರು. ನಾನು ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಕೇಳಿದೆ. ಮಕ್ಕಳನ್ನೇ ಕಳಿಸಿದರೆ ಮಕ್ಕಳೇ ಬೆಳೆಯುತ್ತಾರೆ ಎಂದು ನಿಮಗೆ ಆಗಲೇ ಹೇಗೆ ತೋಚಿತು, ಟೀಚರ್?

ಅವರು ಸಾರಿನ ಪಾತ್ರೆ ಕೆಳಗಿಟ್ಟು ನಕ್ಕರು. "ತೋಚೋದೇನು ಬಂತಮ್ಮ? ಆ ವರ್ಷ ಎರಡು ಟೀಚರ್ ಪೋಸ್ಟ್ ಖಾಲಿ ಇತ್ತು. ಕಳಿಸೋಕೆ ನನ್ನ ಹತ್ತಿರ ದೊಡ್ಡವರು ಯಾರೂ ಇರಲಿಲ್ಲ. ನೀವಿದ್ರಿ. ಒಂದು ವಾರ ಹೋಗ್ತಾರೆ, ಆಮೇಲೆ ನಿಲ್ಲಿಸ್ತಾರೆ ಅಂದುಕೊಂಡೆ." ಪಾತ್ರೆಗೆ ಮುಚ್ಚಳ ಮುಚ್ಚುತ್ತ, "ನೀವು ನಿಲ್ಲಿಸಲಿಲ್ಲ. ನನಗೂ ಆಶ್ಚರ್ಯವಾಗಿತ್ತು" ಎಂದರು.

ಗೆಳತಿ ತಟ್ಟೆ ನೋಡುತ್ತಿದ್ದಳು. ಟೀಚರ್ ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ತೊಪ್ಪೂರಿನ ಘಟ್ಟ ಹತ್ತುವ ಹೊತ್ತಿಗೆ ಅವಳು ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು, ಕಾಲನ್ನು ಉದ್ದಕ್ಕೆ ಚಾಚಿ. ನಾನು ಅದಕ್ಕೆ ಜಾಗ ಬಿಟ್ಟು, ಸೀಟಿನ ತುದಿಯಲ್ಲಿ ಕೂತು ಧರ್ಮಪುರಿಯವರೆಗೆ ಬಂದೆ.